ಕರಸ್ಥಲದ ವಿದ್ಯೆ





ಪರಶಿವನು ನಿರಾಕಾರನು, ನಿರವಯವನು, ವಾಙ್ಮನಗಳಿಗೆ ಅತೀತನು ಎಂದು ಆಗಮಗಳು ಸಾರುತ್ತಿವೆ. ಅಂಥ ವಸ್ತುವನ್ನು ಶ್ರೀಗುರುವು ಶಿಷ್ಯನಿಗೆ ತಿಳಿಸಿಕೊಡುವಾಗ ಮಾಡುವುದೇನು? ಮೊದಲು ಗ್ರಂಥವನ್ನು ಬಿಚ್ಚಿ ವ್ಯಾಖ್ಯಾನ ಹೇಳುವುದಿಲ್ಲ. ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿಡುತ್ತಾನೆ, ಕಿವಿಯಲ್ಲಿ ಮಂತ್ರವನ್ನು ಹೇಳುತ್ತಾನೆ, ಕೊನೆಗೆ ಇಷ್ಟಲಿಂಗವನ್ನು ಅವನ ಅಂಗೈಯಲ್ಲಿಡುತ್ತಾನೆ. ವೇಧಾ, ಮಂತ್ರ, ಕ್ರಿಯಾ ಎಂಬ ಈ ಮೂರು ದೀಕ್ಷೆಗಳಲ್ಲಿ ಸ್ಥೂಲತನುವಿಗೆ ಸಲ್ಲುವುದು ಕ್ರಿಯಾದೀಕ್ಷೆ. ಬ್ರಹ್ಮಾಂಡಕ್ಕೂ ಮಿಗಿಲಾದುದು ಕೈಯಗಲದ ವಸ್ತುವಾಗಿ ಬಂದು ನಿಲ್ಲುವುದು ಅಲ್ಲಿಯೇ. ಅಂಗೈಯನ್ನು ನಮ್ಮ ಹಿರಿಯರು ಬರಿಯ ಅವಯವವೆಂದು ಕರೆಯದೆ ಕರಸ್ಥಲವೆಂದು ಕರೆದರು. ಸ್ಥಲವೆಂದರೆ ನೆಲೆ, ಅರಿವು ಬಂದು ನೆಲೆಗೊಳ್ಳುವ ಎಡೆ.

ಈ ತತ್ತ್ವವನ್ನು ಸಕಲ ಭಕ್ತರೂ ಬಲ್ಲರು. ಆದರೆ ಪ್ರತಿದಿನ ಕರಸ್ಥಲದಲ್ಲಿ ಲಿಂಗವನ್ನಿಟ್ಟು ಪೂಜಿಸುವ ಗೃಹಸ್ಥನು, ಅದೇ ಮನೆಯ ಮಗುವು ಅಂಗೈಯಲ್ಲಿ ನಾಲ್ಕು ಹುಣಿಸೆಯ ಬೀಜವನ್ನಿಟ್ಟುಕೊಂಡು ಲೆಕ್ಕ ಕಲಿಯುತ್ತಿರುವಾಗ, ಇದು ಆಟವೇ ಹೊರತು ಪಾಠವಲ್ಲವೆಂದು ಗದರಿಸುವುದು ವಿಚಿತ್ರವಲ್ಲವೆ? ದೇವರನ್ನು ಕೈಯಿಂದ ಅರಿಯಬಹುದಾದರೆ ಗಣಿತವನ್ನು ಅರಿಯಬಾರದೆ?

ಕೋಲಾರ ಸೀಮೆಯ ವಕ್ಕಲೇರಿಯ ಹೆಸರನ್ನು ಇತಿಹಾಸ ಬಲ್ಲವರು ಕೇಳಿದ್ದಾರೆ. ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನ ತಾಮ್ರಶಾಸನ ದೊರೆತದ್ದು ಆ ಊರಿನಲ್ಲಿ. ಅದರ ಕಾಲ ಕ್ರಿ. ಶ. 757. ಹನ್ನೆರಡು ಶತಮಾನಗಳಿಗೂ ಹಿಂದೆ ಯಾವನೋ ಒಬ್ಬನು ಉಳಿಯನ್ನು ಹಿಡಿದು ತಾಮ್ರದ ಹಲಗೆಯ ಮೇಲೆ ಕೊರೆದ ಅಕ್ಷರಗಳು ಇಂದಿಗೂ ಅಳಿಯದೆ ಉಳಿದಿವೆ. ಅಕ್ಷರವೆಂಬುದೂ ಮೊದಲಿಗೆ ಕೈಯ ಕಾಯಕವೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಇಂದು ಆ ಸೀಮೆ ರಾಗಿಯ ಸೀಮೆ, ಕೆರೆಗಳ ಸೀಮೆ, ಹಿಪ್ಪುನೇರಳೆಯ ಸೀಮೆ. ಅಲ್ಲಿಯ ಒಂದು ಮನೆಯನ್ನು ದೃಷ್ಟಾಂತಕ್ಕಾಗಿ ಕಣ್ಣಮುಂದೆ ತಂದುಕೊಳ್ಳಬಹುದು.

ಗೃಹಸ್ಥನು ಲಿಂಗನಿಷ್ಠನು, ದುಡಿಮೆಗಾರನು. ಮನೆಯಲ್ಲಿ ರೇಷ್ಮೆಯ ಹುಳು ಸಾಕಾಣಿಕೆ. ಒಂಬತ್ತು ವರ್ಷದ ಮಗಳು ಊರಿನ ಸರಕಾರಿ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಬಂದಿದ್ದಾಳೆ. ಮೊದಲ ಮೂರು ವರುಷ ಹಾಡುತ್ತ, ಕಾರ್ಡುಗಳನ್ನು ಜೋಡಿಸುತ್ತ, ಗೋಡೆಯ ಕೆಳಗಿನ ಕಪ್ಪುಹಲಗೆಯ ಮೇಲೆ ಬರೆಯುತ್ತ ನಲಿದು ಕಲಿತವಳು ಈಗ ಪುಸ್ತಕದ ಮುಂದೆ ಮಂಕಾಗಿ ಕುಳಿತಿದ್ದಾಳೆ. 1/2 ಮತ್ತು 1/4 ಇವೆರಡರಲ್ಲಿ ದೊಡ್ಡದು ಯಾವುದೆಂದು ಪುಸ್ತಕ ಕೇಳಿತು. ಎರಡಕ್ಕಿಂತ ನಾಲ್ಕು ದೊಡ್ಡದಲ್ಲವೆ? ಮಗು 1/4 ಎಂದು ಬರೆಯಿತು. ಪುಟದ ತುಂಬ ಕೆಂಪು ಗೀಟುಗಳು ಬಿದ್ದವು. ತಂದೆ ನೋಡಿದನು, ಕೋಪಗೊಂಡನು.

"ಮೂರು ವರ್ಷ ಶಾಲೆಯಲ್ಲಿ ಆಟವಾಡಿದ್ದರ ಫಲ ಇದು. ಇವಳ ತಲೆಗೆ ವಿದ್ಯೆ ಹತ್ತುವುದಿಲ್ಲ. ಸೊಪ್ಪು ಬಿಡಿಸುವುದಕ್ಕೆ ಮನೆಯಲ್ಲೇ ಇರಲಿ" ಎಂದನು.

ಮನೆಯ ಹಿರಿಯಳಾದ ಅಜ್ಜಿ ಹುಳುವಿನ ತಟ್ಟೆಗಳ ಬಳಿ ಕುಳಿತಿದ್ದಳು. "ಏನಪ್ಪಾ, ನಿನ್ನೆ ಈ ತಟ್ಟೆಗೆ ಯಾಕೆ ಸೊಪ್ಪು ಹಾಕಲಿಲ್ಲ?" ಎಂದು ಕೇಳಿದಳು.

"ಹುಳು ಜ್ವರಕ್ಕೆ ಕೂತಿತ್ತಲ್ಲಮ್ಮಾ. ಆಗ ಹಾಕಿದರೆ ತಿನ್ನುತ್ತದೆಯೆ?"

"ತಿನ್ನಲಿಲ್ಲವೆಂದು ತಿಪ್ಪೆಗೆ ಎಸೆದೆಯಾ?"

ಮಗನು ಮಾತನಾಡಲಿಲ್ಲ. ಅಜ್ಜಿ ಎದ್ದು ರಾಗಿಯ ಗುಡಾಣದ ಬಳಿಯಿಂದ ಸೇರನ್ನೂ ಪಾವನ್ನೂ ತಂದು ಮೊಮ್ಮಗಳ ಮುಂದಿಟ್ಟಳು. "ಅಮ್ಮಣ್ಣೀ, ಈ ಸೇರು ತುಂಬುವುದಕ್ಕೆ ಎಷ್ಟು ಪಾವು ರಾಗಿ ಬೇಕು, ಅಳೆದು ಹೇಳು." ಮಗು ಅಳೆಯಿತು, ನಾಲ್ಕು ಪಾವು ಆಯಿತು. "ಅರ್ಧ ಸೇರಿಗೆ?" ಮತ್ತೆ ಅಳೆಯಿತು, ಎರಡು ಪಾವು. "ಹಾಗಾದರೆ ಕಾಲು ಸೇರು ಹೆಚ್ಚೋ, ಅರ್ಧ ಸೇರು ಹೆಚ್ಚೋ?" ಮಗು ಪಾವನ್ನು ಕೈಯಲ್ಲಿ ಹಿಡಿದುಕೊಂಡು ಕ್ಷಣಹೊತ್ತು ನೋಡಿತು. "ಪಾಲು ಜಾಸ್ತಿಯಾದರೆ ಒಂದೊಂದು ಪಾಲೂ ಚಿಕ್ಕದಾಗುತ್ತೆ ಅಜ್ಜೀ!" ಎಂದು ತಾನೇ ಕೂಗಿತು. ಆ ಮೇಲೆ ಪುಸ್ತಕವನ್ನು ಎಳೆದುಕೊಂಡು ತನ್ನ ತಪ್ಪನ್ನು ತಾನೇ ತಿದ್ದಿತು.

ಈ ದೃಷ್ಟಾಂತದಲ್ಲಿ ಮೂರು ಸಂಗತಿಗಳು ಅಡಗಿವೆ. ಅವನ್ನು ಒಂದೊಂದಾಗಿ ವಿಚಾರಿಸಬೇಕು.

ಮೊದಲನೆಯದು ವಯೋಧರ್ಮ. ರೇಷ್ಮೆಯ ಹುಳು ಮೊಟ್ಟೆಯೊಡೆದು ಹೊರಬಂದಂದಿನಿಂದ ಗೂಡು ಕಟ್ಟುವತನಕ ಸುಮಾರು 25 ದಿನ ಬದುಕುತ್ತದೆ. ಅಷ್ಟರಲ್ಲಿ ನಾಲ್ಕು ಬಾರಿ ಪೊರೆ ಕಳಚುತ್ತದೆ. ಇದನ್ನೇ ರೈತರು ಜ್ವರವೆನ್ನುತ್ತಾರೆ. ಮೊದಲ ಎರಡು ಹಂತಗಳ ಚಾಕಿ ಹುಳುವಿಗೆ ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಬಲಿತ ಸೊಪ್ಪನ್ನು ಹಾಕಿದರೆ ಅದು ತಿನ್ನಲಾರದು. ಜ್ವರಕ್ಕೆ ಕುಳಿತಾಗ ತಲೆಯೆತ್ತಿ ನಿಶ್ಚಲವಾಗಿರುವ ಹುಳುವನ್ನು ಮುಟ್ಟಲೂ ಬಾರದು. ಕೊನೆಯ ಹಂತಕ್ಕೆ ಬಂದ ಮೇಲೆಯೋ, ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ಬಹುಭಾಗವನ್ನು ಅದೊಂದೇ ಹಂತದಲ್ಲಿ ತಿಂದು ಮುಗಿಸುತ್ತದೆ. ಹುಳುವಿನ ವಿಷಯದಲ್ಲಿ ಇಷ್ಟು ವಿವೇಕವಿರುವ ಒಕ್ಕಲಮಗನು ತನ್ನ ಮಗುವಿನ ವಿಷಯದಲ್ಲಿ ಅದನ್ನು ಮರೆಯುವುದೇಕೆ?

ಒಂಬತ್ತರ ವಯಸ್ಸು ಅಂಥ ಒಂದು ಹಂತ. ಸ್ವಿಟ್ಜರ್ಲೆಂಡಿನ ವಿದ್ವಾಂಸ ಜಾನ್ ಪಿಯಾಜೆ (1896–1980) ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಬಹುಕಾಲ ಪರಿಶೀಲಿಸಿದವನು. ಒಂದೇ ಅಳತೆಯ ನೀರನ್ನು ಅಗಲವಾದ ಪಾತ್ರೆಯಿಂದ ಕಿರಿದಾದ ಉದ್ದನೆಯ ಪಾತ್ರೆಗೆ ಮಗುವಿನ ಎದುರಿನಲ್ಲಿಯೇ ಸುರಿದು, ಈಗ ನೀರು ಹೆಚ್ಚಾಯಿತೆ ಎಂದು ಕೇಳಿದರೆ, ಐದು ವರ್ಷದ ಮಗುವು ಸಾಮಾನ್ಯವಾಗಿ ಹೆಚ್ಚಾಯಿತೆನ್ನುತ್ತದೆ. ಒಂಬತ್ತರ ಮಗುವು ನಗುತ್ತದೆ, ಅದೇ ನೀರಲ್ಲವೆ ಎನ್ನುತ್ತದೆ. ಏಳರಿಂದ ಹನ್ನೊಂದರವರೆಗಿನ ಮಕ್ಕಳು ತರ್ಕಿಸಬಲ್ಲರು, ಆದರೆ ಕಣ್ಣೆದುರಿನ, ಕೈಗೆಟಕುವ ವಸ್ತುಗಳನ್ನು ಆಶ್ರಯಿಸಿ ತರ್ಕಿಸುತ್ತಾರೆ. ಬರಿಯ ಸಂಕೇತಗಳ ಮೇಲೆ ನಡೆಯುವ ತರ್ಕ ಬಲಿಯುವುದು ಆ ಮೇಲೆ ಎಂಬುದು ಅವನ ಸಿದ್ಧಾಂತ. ಈ ವಯೋಮಿತಿಗಳು ಎಲ್ಲ ಮಕ್ಕಳಿಗೂ ಗೆರೆ ಕೊರೆದಂತೆ ಒಂದೇ ಅಲ್ಲವೆಂದು ಅನಂತರದ ಪಂಡಿತರು ತಿದ್ದಿದ್ದಾರೆ. ಕೆಲವರು ಮುಂದಾಗಿ, ಕೆಲವರು ಹಿಂದಾಗಿ ಬರುತ್ತಾರೆ. ಒಂದೇ ತಟ್ಟೆಯ ಹುಳುಗಳೂ ಒಂದೇ ಗಳಿಗೆಯಲ್ಲಿ ಜ್ವರದಿಂದ ಏಳುವುದಿಲ್ಲವಷ್ಟೆ.

ಶರಣಮಾರ್ಗಕ್ಕೆ ಇದು ಹೊಸ ಮಾತಲ್ಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂದು ಆರು ಸ್ಥಲಗಳನ್ನು ಹೇಳಿದವರು, ಭಕ್ತಸ್ಥಲದಲ್ಲಿರುವವನನ್ನು ಐಕ್ಯನಾಗಲಿಲ್ಲವೆಂದು ಹಳಿಯಲಿಲ್ಲ. ಯಾವ ಮೆಟ್ಟಿಲಲ್ಲಿ ನಿಂತಿರುವನೋ ಆ ಮೆಟ್ಟಿಲಿಗೆ ತಕ್ಕ ಆಚಾರವನ್ನು ವಿಧಿಸಿದರು. ಗುರುವಿನ ಗುರುತ್ವವಿರುವುದು ಶಿಷ್ಯನು ನಿಂತ ಮೆಟ್ಟಿಲನ್ನು ಗುರುತಿಸುವುದರಲ್ಲಿ.

ಎರಡನೆಯದು ಕ್ರಿಯೆ. ಹನ್ನೆರಡನೆಯ ಶತಮಾನದ ಕಲ್ಯಾಣದ ಅನುಭವಮಂಟಪದಲ್ಲಿ ಸೇರಿದವರು ಯಾರು? ನೇಯ್ಗೆಯ ಮಗ್ಗದಿಂದ ಎದ್ದು ಬಂದವರು, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಿದಿರು ಸೀಳುವ ಮೇದರ ಕೇತಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ. ಅವರ ವಚನಗಳಲ್ಲಿ ಹುರಿ, ಸೀಳು, ಹುಟ್ಟು, ಮಡಿ ಇವೇ ತತ್ತ್ವದ ಪರಿಭಾಷೆಯಾದವು. ಕೈ ಬಲ್ಲದ್ದರ ಮೂಲಕ ಮನಸ್ಸು ಕಾಣದ್ದನ್ನು ಕಂಡಿತು. ಅಕ್ಕಮಹಾದೇವಿ ತನ್ನ ನೂಲಿನಿಂದ ತನ್ನನ್ನೇ ಸುತ್ತಿಕೊಳ್ಳುವ ಹುಳುವನ್ನು ಕಂಡು ಜೀವದ ಬಂಧನವನ್ನು ಅರಿತಳು. ಕಣ್ಣಿಟ್ಟು ನೋಡಿದವರಿಗೆ ಹುಳುವೂ ಗ್ರಂಥವೇ.

ನಮ್ಮ ಕಾಲದಲ್ಲಿ ಈ ಮಾತನ್ನು ಶಾಲೆಗೆ ತಂದವರಲ್ಲಿ ಮಹಾತ್ಮಾ ಗಾಂಧಿಯವರು ಅಗ್ರಗಣ್ಯರು. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸೇರಿದ ಸಮ್ಮೇಳನದಲ್ಲಿ, ಏಳು ವರ್ಷಗಳ ಕಡ್ಡಾಯ ಶಿಕ್ಷಣವು ಮಾತೃಭಾಷೆಯಲ್ಲಿ, ಒಂದು ಕೈಕಸುಬನ್ನು ಕೇಂದ್ರವಾಗಿಟ್ಟುಕೊಂಡು ನಡೆಯಬೇಕೆಂದು ನಿರ್ಣಯವಾಯಿತು. ಅದರ ಪಠ್ಯಯೋಜನೆಯನ್ನು ರೂಪಿಸಿದ ಸಮಿತಿಗೆ ಜಾಕಿರ್ ಹುಸೇನರು ಅಧ್ಯಕ್ಷರು. ಕೋಲಾರದ ಗಡಿಯಾಚೆ, ಮದನಪಲ್ಲಿಯ ಬಳಿಯ ರಿಷಿವ್ಯಾಲಿಯ ಸುತ್ತಣ ಹಳ್ಳಿಗಳ ಚಿಕ್ಕ ಶಾಲೆಗಳಲ್ಲಿ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಾರ್ಡುಗಳ ಮೂಲಕ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಕ್ರಮ ರೂಪುಗೊಂಡಿತು. ಅದನ್ನು ಕಂಡು ಬಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು 1995ರಲ್ಲಿ ಯುನಿಸೆಫಿನ ನೆರವಿನೊಡನೆ ನಲಿ-ಕಲಿಯನ್ನು ಆರಂಭಿಸಿದರು. 2009–10ನೆಯ ಸಾಲಿನಿಂದ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲ ಎರಡು ತರಗತಿಗಳಿಗೂ, ಬಳಿಕ ಮೂರನೆಯ ತರಗತಿಗೂ ಹಬ್ಬಿತು. ಕಲಿಕೆಯ ಏಣಿಯೊಂದು ಗೋಡೆಯ ಮೇಲಿರುತ್ತದೆ. ಮಗು ತಾನು ಯಾವ ಮೆಟ್ಟಿಲಲ್ಲಿರುವೆನೆಂದು ತಾನೇ ನೋಡಿಕೊಂಡು, ತಕ್ಕ ಕಾರ್ಡನ್ನು ತೆಗೆದುಕೊಳ್ಳುತ್ತದೆ. ಗುರುವಿನ ಪೂರ್ಣ ನೆರವಿನ ಗುಂಪಿನಿಂದ ಆರಂಭಿಸಿ, ಜೊತೆಯವರ ನೆರವಿನ ಗುಂಪುಗಳನ್ನು ದಾಟಿ, ಸ್ವತಃ ಕಲಿಯುವ ಗುಂಪಿಗೆ ಬರುತ್ತದೆ. ಜ್ವರ ಬಂದು ಹತ್ತು ದಿನ ಶಾಲೆ ತಪ್ಪಿದ ಮಗುವು ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ಇದು ಷಟ್‌ಸ್ಥಲವನ್ನು ಬಲ್ಲವರಿಗೆ ಅಪರಿಚಿತವಾದ ಕ್ರಮವೆ?

ಆದರೆ ಕಷ್ಟವಿರುವುದು ಇಲ್ಲಿಯೇ. ಆ ಏಣಿ ಮೂರನೆಯ ತರಗತಿಗೆ ಮುಗಿಯುತ್ತದೆ. ನಾಲ್ಕನೆಯದರಲ್ಲಿ ಪುಸ್ತಕ, ಎಲ್ಲರಿಗೂ ಒಂದೇ ಪುಟ, ಒಂದೇ ದಿನ. ವಯಸ್ಸು ಮಾತ್ರ ಒಂಬತ್ತು. ಕೈಯಲ್ಲಿ ವಸ್ತು ಬೇಕಾದ ಕಾಲ ಇನ್ನೂ ಕಳೆದಿಲ್ಲ. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು ಎಂಟನೆಯ ತರಗತಿಯವರೆಗೂ ಚಟುವಟಿಕೆ, ಶೋಧನೆಗಳ ಮೂಲಕ ಕಲಿಕೆ ನಡೆಯಬೇಕೆನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಎಂಟರಿಂದ ಹನ್ನೊಂದರ ವಯಸ್ಸನ್ನು ಪ್ರತ್ಯೇಕ ಹಂತವೆಂದು ಎಣಿಸಿ ಆಟ, ಶೋಧನೆ, ಚಟುವಟಿಕೆಗಳನ್ನು ಅಲ್ಲಿಗೂ ಹೇಳಿದೆ. ಕಾಗದದಲ್ಲಿರುವುದು ಕರಸ್ಥಲಕ್ಕೆ ಬರುವ ತನಕ, ಆ ಮಧ್ಯದ ಹಳ್ಳದಲ್ಲಿ ಬಿದ್ದ ಮಗುವನ್ನು ದಡ್ಡನೆಂದು ಕರೆಯುವುದು ದೊಡ್ಡವರ ಅಪರಾಧ.

ಒಂಬತ್ತರ ಮಗುವಿಗೆ ಕೈಯಿಂದ ಕಲಿಸುವುದಕ್ಕೆ ಹಣ ಬೇಕಿಲ್ಲ. ವಕ್ಕಲೇರಿಯ ಸೀಮೆಯೇ ಸಾಕು. ಜಗುಲಿಯನ್ನು ಗೇಣಿನಿಂದ ಅಳೆಯಲಿ. ಅದೇ ಜಗುಲಿಯನ್ನು ತಂದೆಯೂ ಗೇಣಿನಿಂದ ಅಳೆಯಲಿ. ಮಗುವಿಗೆ ಹೆಚ್ಚು, ತಂದೆಗೆ ಕಡಮೆ ಗೇಣುಗಳಾಗುತ್ತವೆ. ಜಗುಲಿ ಒಂದೇ, ಲೆಕ್ಕ ಎರಡೇಕೆ? ಎಲ್ಲರಿಗೂ ಸಮವಾದ ಅಳತೆಕೋಲು ಲೋಕಕ್ಕೆ ಏಕೆ ಬೇಕಾಯಿತೆಂಬುದು ಅಲ್ಲಿಯೇ ತಿಳಿಯುತ್ತದೆ. ಹದಿನೇಳು ಹುಣಿಸೆಯ ಬೀಜಗಳನ್ನು ಐವರಿಗೆ ಹಂಚಲಿ. ತಲೆಗೆ ಮೂರು ಬಂದು ಎರಡು ಉಳಿಯುತ್ತವೆ. ಶೇಷವೆಂಬ ಶಬ್ದದ ಅರ್ಥ ಅಂಗೈಯಲ್ಲಿಯೇ ಉಳಿಯುತ್ತದೆ. ಮಳೆಯ ದಿನ ನೇರವಾದ ಗೋಡೆಯ ಡಬ್ಬಿಯೊಂದನ್ನು ಅಂಗಳದಲ್ಲಿಟ್ಟು ಅಳೆಯಲಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಹತ್ತು ಮಿಲಿಮೀಟರ್ ಮಳೆಯಾದ ದಿನ ಇಪ್ಪತ್ತು ಚದರ ಮೀಟರಿನ ಮಾಳಿಗೆಯ ಮೇಲೆ ಬಿದ್ದದ್ದು 200 ಲೀಟರ್. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಕೋಲಾರ ಸೀಮೆಯ ಮಗುವಿಗೆ ಇದು ಗುಣಾಕಾರವೂ ಹೌದು, ನೀತಿಪಾಠವೂ ಹೌದು. ಹಿರಿಯರು ಕೆರೆಗಳನ್ನು ಏಕೆ ಕಟ್ಟಿದರೆಂದು ಆ ಮಗು ಕೇಳದೆ ಇರಲಾರದು.

ಇನ್ನೊಂದು ಲಾಭವುಂಟು. ಆ ಸೀಮೆಯ ಅನೇಕ ಮನೆಗಳಲ್ಲಿ ತೆಲುಗು ನುಡಿ, ಶಾಲೆಯಲ್ಲಿ ಕನ್ನಡ. ಶಬ್ದವನ್ನು ಮಾತ್ರ ಕಲಿಸಿದರೆ ಮಗು ಎರಡು ದಡಗಳ ನಡುವೆ ಸಿಕ್ಕಿಕೊಳ್ಳುತ್ತದೆ. ವಸ್ತುವು ಕೈಯಲ್ಲಿದ್ದರೆ ಅದೇ ಸೇತುವೆ. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಹಾಡಿದ ಬಸವಪುರಾಣವನ್ನು ಭೀಮಕವಿಯು 1369ರಲ್ಲಿ ಕನ್ನಡಕ್ಕೆ ತಂದನು. ಭಕ್ತಿಯೆಂಬ ವಸ್ತು ಒಂದೇ ಆಗಿದ್ದುದರಿಂದ ಭಾಷೆ ಅಡ್ಡಬರಲಿಲ್ಲ.

ಮೂರನೆಯದು ಅರಿವು. ಇಲ್ಲಿ ಎಚ್ಚರಿಕೆ ಬೇಕು. ಕೈ ಆಡಿದ ಮಾತ್ರಕ್ಕೆ ವಿದ್ಯೆ ಬಂದಿತೆಂದು ತಿಳಿಯಬಾರದು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಗಳನ್ನು ಕಟ್ಟಿಸಿದ ಮಹಾ ಕರ್ಮಯೋಗಿಗಳು. ಅಂಥವರ ಬಳಿಗೂ ಅಲ್ಲಮಪ್ರಭುಗಳು ಬಂದು, ಈ ಕ್ರಿಯೆಯ ಒಳಗಿನ ಅರಿವೆಲ್ಲಿ ಎಂದು ಪ್ರಶ್ನಿಸಿದರೆಂದು ಪರಂಪರೆ ಹೇಳುತ್ತದೆ. ಕ್ರಿಯೆಯಿಲ್ಲದ ಜ್ಞಾನ ಹೆಳವ, ಜ್ಞಾನವಿಲ್ಲದ ಕ್ರಿಯೆ ಕುರುಡ. ಸೇರು, ಪಾವುಗಳನ್ನು ತುಂಬಿ ಸುರಿಯುತ್ತ ದಿನವೆಲ್ಲ ಕಳೆದರೂ, "ಯಾವುದು ಹೆಚ್ಚು, ಏಕೆ?" ಎಂದು ಅಜ್ಜಿ ಕೇಳದಿದ್ದರೆ ಮಗುವಿಗೆ ಭಿನ್ನರಾಶಿ ತಿಳಿಯುತ್ತಿರಲಿಲ್ಲ. ಕೇಳಿದ ಮೇಲೆಯೂ, ಕಂಡದ್ದನ್ನು ಪುಸ್ತಕದಲ್ಲಿ 1/4 ಎಂದು ಬರೆಯದಿದ್ದರೆ ಅದು ಪೂರ್ಣವಾಗುತ್ತಿರಲಿಲ್ಲ. ಮೊದಲು ಕೈಯಲ್ಲಿ ವಸ್ತು, ಬಳಿಕ ಮನಸ್ಸಿನಲ್ಲಿ ಅದರ ಚಿತ್ರ, ಕೊನೆಗೆ ವಸ್ತುವೂ ಚಿತ್ರವೂ ಇಲ್ಲದ ಸಂಕೇತ. ಇಷ್ಟಲಿಂಗ, ಪ್ರಾಣಲಿಂಗ, ಭಾವಲಿಂಗವೆಂಬ ಕ್ರಮವನ್ನು ಬಲ್ಲ ಭಕ್ತರಿಗೆ ಹೋಲಿಕೆ ಹೊಳೆಯದಿರದು; ಹೋಲಿಕೆಯನ್ನು ಹೋಲಿಕೆಯಾಗಿಯೇ ತಿಳಿಯಬೇಕು.

ಕೆಲವರು ಕೇಳುವುದುಂಟು: ಹಾಗಾದರೆ ಬಾಯಿಪಾಠ ಬೇಡವೆ? ಮಗ್ಗಿ ಬೇಡವೆ? ಬೇಕು. ಕಂಠಸ್ಥವಾದುದು ಆಪತ್ಕಾಲದ ಧನ. ಆದರೆ ಮೂರು ನಾಲ್ಕಲಿ ಹನ್ನೆರಡೆಂಬುದನ್ನು ಸಾಲು ಸಾಲಾಗಿ ಬೀಜವಿಟ್ಟು ಕಂಡ ಮಗುವಿಗೆ ಮಗ್ಗಿಯು ಅರ್ಥದ ಬುತ್ತಿ. ಕಾಣದ ಮಗುವಿಗೆ ಅದು ಗಿಳಿಪಾಠ. ಈ ಮಾತು ಮಠಗಳಿಗೂ ಭಕ್ತರ ಮನೆಗಳಿಗೂ ಸಲ್ಲುತ್ತದೆ. ವಚನಕಂಠಪಾಠದ ಸ್ಪರ್ಧೆಯಲ್ಲಿ ಮಗುವೊಂದು ನೂರು ವಚನಗಳನ್ನು ತಪ್ಪಿಲ್ಲದೆ ಒಪ್ಪಿಸಿ ಬಹುಮಾನ ಪಡೆಯುತ್ತದೆ. ಹಸಿದವನು ಬಾಗಿಲಿಗೆ ಬಂದಾಗ ಏಳಬೇಕೆಂದು ಅದಕ್ಕೆ ತೋಚದು. ನೂರು ವಚನ ಬಾಯಲ್ಲಿದ್ದು ಒಂದೂ ಕೈಗೆ ಇಳಿಯದಿದ್ದರೆ ದೋಷ ಮಗುವಿನದಲ್ಲ. ದಾಸೋಹದ ವಚನವನ್ನು ಕಲಿಸುವ ದಿನ ಮಗುವಿನ ಕೈಯಿಂದಲೇ ಪಂಕ್ತಿಗೆ ಬಡಿಸಿಸಬೇಕು. ಎಷ್ಟು ಜನ, ಎಷ್ಟು ಮುದ್ದೆ, ಎಷ್ಟು ಉಳಿಯಿತು ಎಂದು ಎಣಿಸಲಿ. ಆಯ್ದಕ್ಕಿ ಲಕ್ಕಮ್ಮನು ಅಗತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಿರುಗಿಸಿಬರಲು ಗಂಡನಿಗೆ ಏಕೆ ಹೇಳಿದಳೆಂದು ಆಗ ಕೇಳಿದರೆ, ಒಂಬತ್ತರ ಮಗುವು ಪಂಡಿತರಿಗಿಂತ ಚೆನ್ನಾಗಿ ಉತ್ತರಿಸೀತು.

ಮತ್ತೊಂದು ಅಪಾರ್ಥವನ್ನೂ ಕಳೆಯಬೇಕು. ಕೈಯ ವಿದ್ಯೆಯೆಂದರೆ ಮಗುವನ್ನು ದುಡಿಮೆಗೆ ಹಚ್ಚುವುದಲ್ಲ. ಕಾಯಕವೆಂಬ ಪವಿತ್ರ ನಾಮವನ್ನು ಹೇಳಿ ಶಾಲೆ ಬಿಡಿಸಿ ಹುಳುವಿನ ಮನೆಯಲ್ಲಿಯೋ ನೂಲು ಬಿಚ್ಚುವ ಬಿಸಿನೀರಿನ ಮುಂದೆಯೋ ಕೂರಿಸುವುದು ಕಾಯಕವಲ್ಲ, ಅನ್ಯಾಯ. ಆರರಿಂದ ಹದಿನಾಲ್ಕರವರೆಗಿನ ಮಗುವಿಗೆ ಶಾಲೆ ಹಕ್ಕೆಂದು ಕಾಯಿದೆ ಹೇಳುತ್ತದೆ. ಶಿವಧರ್ಮವೂ ಅದನ್ನೇ ಹೇಳುತ್ತದೆ. ಮಗು ಒಂದು ಎಲೆಯನ್ನು ಕೈಗೆತ್ತಿಕೊಂಡು, ಎಳೆಯದಕ್ಕೂ ಬಲಿತದ್ದಕ್ಕೂ ವ್ಯತ್ಯಾಸ ನೋಡಿ, ದಿನಕ್ಕೊಂದು ಬಾರಿ ಹುಳುವಿನ ಉದ್ದವನ್ನು ಅಳೆದು ಬರೆದರೆ ಅದು ವಿದ್ಯೆ. ಹತ್ತು ಮಣ ಸೊಪ್ಪನ್ನು ಹೊತ್ತು ತಂದರೆ ಅದು ಹೊರೆ. ಮೊದಲನೆಯದರ ಫಲ ಮಗುವಿಗೆ, ಎರಡನೆಯದರ ಫಲ ಬೇರೆಯವರಿಗೆ. ಈ ಒಂದು ಪರೀಕ್ಷೆಯಿಂದ ಎರಡನ್ನೂ ಬೇರೆ ಮಾಡಬಹುದು.

ಗೃಹಸ್ಥರು ಮಾಡಬೇಕಾದುದು ಬಹಳವೇನೂ ಇಲ್ಲ. ಊರಿನ ಶಾಲೆಯ ಅಭಿವೃದ್ಧಿ ಸಮಿತಿಯ ಸಭೆಗೆ ಹೋಗಿ, ನಾಲ್ಕನೆಯ ತರಗತಿಯಲ್ಲಿ ಅಳೆಯುವ, ತೂಗುವ, ಎಣಿಸುವ ಸಾಮಾನುಗಳು ಇವೆಯೆ, ಇದ್ದವು ಬೀರುವಿನಲ್ಲಿವೆಯೋ ಮಕ್ಕಳ ಕೈಯಲ್ಲಿವೆಯೋ ಎಂದು ವಿಚಾರಿಸಬೇಕು. ಮೇಷ್ಟ್ರು ಒಬ್ಬರೇ ಎರಡು ಮೂರು ತರಗತಿಗಳನ್ನು ನೋಡಿಕೊಳ್ಳುತ್ತಿದ್ದರೆ ದೂರುವುದರ ಬದಲು ವಾರಕ್ಕೊಂದು ದಿನ ಕುಂಬಾರನೋ ಬಡಗಿಯೋ ಒಕ್ಕಲಿಗನೋ ಹೋಗಿ ತನ್ನ ಅಳತೆಯ ಮರ್ಮವನ್ನು ಮಕ್ಕಳಿಗೆ ತೋರಿಸಬಹುದು; ಅದೂ ದಾಸೋಹವೇ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು (1907–2019) ಅನ್ನ, ಅಕ್ಷರ, ಆಶ್ರಯವೆಂದು ತ್ರಿವಿಧ ದಾಸೋಹವನ್ನು ನಡೆಸಿ ಸಾವಿರಾರು ಮಕ್ಕಳನ್ನು ಬೆಳೆಸಿದರು. ಅನ್ನದಾಸೋಹದಲ್ಲಿ ಹಸಿವನ್ನು ನೋಡಿ ಬಡಿಸುತ್ತಾರೆ. ಅಕ್ಷರದಾಸೋಹದಲ್ಲಿಯೂ ಹಸಿವನ್ನು ನೋಡಿಯೇ ಬಡಿಸಬೇಕು. ಮನೆಯಲ್ಲಿ ಮಗು ತಪ್ಪು ಬರೆದರೆ, ತಪ್ಪೆಂದು ಹೇಳುವ ಮೊದಲು "ಇದು ಹೇಗೆ ಹೊಳೆಯಿತು?" ಎಂದು ಕೇಳಬೇಕು. ನಾಲ್ಕು ಎರಡಕ್ಕಿಂತ ದೊಡ್ಡದೆಂದು ನಂಬಿ ಬರೆದ ಮಗುವಿನ ತಪ್ಪಿನಲ್ಲಿಯೂ ಒಂದು ವಿಚಾರವಿತ್ತು. ವಿಚಾರಿಸುವ ಮಗುವು ದಡ್ಡಮಗುವಲ್ಲ.

ಆ ಗೃಹಸ್ಥನ ಮನೆಯಲ್ಲಿ ಅಂದು ಸಂಜೆ ಶಿವಪೂಜೆಯ ವೇಳೆಯಾಯಿತು. ತಂದೆ ವಿಭೂತಿ ಧರಿಸಿ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಕುಳಿತನು. ಎದುರಿನಲ್ಲಿ ಮಗಳು ಪಾವಿನಿಂದ ರಾಗಿಯನ್ನು ಅಳೆಯುತ್ತ, ತನಗೆ ತಾನೇ ಏನನ್ನೋ ಹೇಳಿಕೊಳ್ಳುತ್ತ, ಬರೆದುಕೊಳ್ಳುತ್ತಿದ್ದಳು. ದಿಟ್ಟಿಯನ್ನು ಲಿಂಗದಲ್ಲಿ ನಿಲ್ಲಿಸುವ ಮೊದಲು ಅವನು ಆ ಎರಡು ಕೈಗಳನ್ನು ಒಮ್ಮೆ ನೋಡಿದನು. ಪೂಜೆ ಮುಗಿದ ಮೇಲೆ ತಾಯಿಯ ಬಳಿಗೆ ಹೋಗಿ, "ನಾಳೆ ಶಾಲೆಗೆ ನಾನೇ ಕರೆದುಕೊಂಡು ಹೋಗುತ್ತೇನಮ್ಮಾ. ಮೇಷ್ಟ್ರಿಗೆ ಒಂದು ಸೇರು, ನಾಲ್ಕು ಪಾವು ಕೊಟ್ಟುಬರುತ್ತೇನೆ. ಉಳಿದ ಮಕ್ಕಳೂ ಅಳೆಯಲಿ" ಎಂದನು.

ಅಂಥ ಕೈಗಳು ಮನೆಮನೆಯಲ್ಲಿಯೂ ಹೆಚ್ಚಲಿ. ಕರಸ್ಥಲದಲ್ಲಿ ನೆಲೆಸಿದ ಮಹಾಲಿಂಗವು ಮಕ್ಕಳ ಕರಸ್ಥಲದ ವಿದ್ಯೆಯನ್ನೂ ಬೆಳಗಲಿ.